ನಮ್ಮವರಾದ ನಗೆಗಾರ: ನಾಗೇಶರ ಚಿತ್ರಗಳನ್ನು ನೆನೆದು

ಗಡಿನಾಡಿನ ಕನ್ನಡಿಗನ ಬಾಳಿನಲ್ಲಿ ಎರಡು ಭಾಷೆಗಳು ಒಂದೇ ಅಂಗಳದಲ್ಲಿ ಓಡಾಡಿಕೊಂಡಿರುತ್ತವೆ. ತಾಯಿ ಉಣ್ಣಲು ಕರೆಯುವುದು ಕನ್ನಡದಲ್ಲಿ. ಸಂತೆಯಲ್ಲಿ ವ್ಯಾಪಾರ ಕುದುರುವುದು ತಮಿಳಿನಲ್ಲಿ. ತೊಟ್ಟಿಲ ಹಾಡು ಒಂದು ನುಡಿಯದು, ಕಚೇರಿಯ ಅರ್ಜಿ ಮತ್ತೊಂದು ನುಡಿಯದು. ಹೀಗಿರುವಾಗ, ನೀವು ಯಾವ ನುಡಿಯಲ್ಲಿ ಅಳುತ್ತೀರಿ ಎಂದು ಯಾರಾದರೂ ಕೇಳಿದರೆ ನಮಗೆ ಉತ್ತರ ಸುಲಭ. ಯಾವ ನುಡಿಯಲ್ಲಿ ನಗುತ್ತೀರಿ ಎಂದು ಕೇಳಿದರೆ ಮಾತ್ರ ಒಂದು ಕ್ಷಣ ತಡೆದು ಆಲೋಚಿಸಬೇಕಾಗುತ್ತದೆ. ತಾಳವಾಡಿಯ ಸೀಮೆಯ ನಮ್ಮ ತಲೆಮಾರಿನವರನ್ನು ಬೆಳ್ಳಿತೆರೆಯ ಮೇಲಿನಿಂದ ಹೊಟ್ಟೆ ಹುಣ್ಣಾಗುವಂತೆ ನಗಿಸಿದವರು ಇಬ್ಬರು. ಒಬ್ಬರು ಕನ್ನಡದ ನರಸಿಂಹರಾಜು. ಇನ್ನೊಬ್ಬರು ತಮಿಳಿನ ನಾಗೇಶ್.

ಈ ಸಂಚಿಕೆಗೆ ಲೇಖನಗಳನ್ನು ಗೊತ್ತುಮಾಡಲು ನಾವು ಕೆಲವರು ಸೇರಿದ್ದ ಸಂಜೆ, ಕೆಲಸ ಮುಗಿದು ಕಾಫಿ ಬರುವ ಹೊತ್ತಿಗೆ, ಮಾತು ತಾನಾಗಿ ನಾಗೇಶರ ಕಡೆಗೆ ಹೊರಳಿತು. ಅವರ ಚಿತ್ರಗಳಲ್ಲಿ ಯಾವುದು ಮೇಲು ಎಂಬ ವಾದ ಹತ್ತಿಕೊಂಡಿತು. ಆಗ ನಮ್ಮಲ್ಲಿ ಕಿರಿಯನಾದ ಸದಸ್ಯನೊಬ್ಬನು, "ಕನ್ನಡ ಸಂಘದಲ್ಲಿ ಕುಳಿತು ತಮಿಳು ನಟರ ಗುಣಗಾನವೇಕೆ?" ಎಂದು ಆಕ್ಷೇಪಿಸಿದನು. ಮೂಲೆಯಲ್ಲಿ ಕುಳಿತಿದ್ದ ನಿವೃತ್ತ ಉಪಾಧ್ಯಾಯರು ಲೋಟವನ್ನು ಕೆಳಗಿಟ್ಟು, "ಅವರ ಮನೆಮಾತು ಯಾವುದೆಂಬುದು ನಿನಗೆ ಗೊತ್ತೇನಪ್ಪಾ?" ಎಂದು ಕೇಳಿದರು. ಅವನಿಗೆ ಗೊತ್ತಿರಲಿಲ್ಲ. ಅಲ್ಲಿದ್ದವರಲ್ಲಿ ಇನ್ನೂ ಕೆಲವರಿಗೆ ಗೊತ್ತಿರಲಿಲ್ಲ. ಈ ಲೇಖನದ ಹುಟ್ಟು ಅಲ್ಲಿಯದು.

ನಾಗೇಶರು 1933ರ ಸೆಪ್ಟೆಂಬರ್ 27ರಂದು ಧಾರಾಪುರದ ಕನ್ನಡ ಮಾತನಾಡುವ ಮಾಧ್ವ ಕುಟುಂಬವೊಂದರಲ್ಲಿ ಜನಿಸಿದರು. ಆ ಕಾಲದ ಭೂಪಟವನ್ನು ವಾಚಕರು ಒಮ್ಮೆ ನೆನಪಿಗೆ ತಂದುಕೊಳ್ಳಬೇಕು. ಧಾರಾಪುರವು ಅಂದು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ನಮ್ಮ ತಾಳವಾಡಿಯೂ ಅದೇ ಜಿಲ್ಲೆಯದು. ಕೊಳ್ಳೇಗಾಲ ತಾಲ್ಲೂಕೂ ಅದೇ ಜಿಲ್ಲೆಯದು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಿತು. ನಾವು ಮದರಾಸು ರಾಜ್ಯದಲ್ಲಿ ಉಳಿದೆವು. ಅಂದರೆ ನಾಗೇಶರು ಹುಟ್ಟಿದಾಗ ಅವರೂ ನಮ್ಮ ಹಿರಿಯರೂ ಒಂದೇ ಜಿಲ್ಲೆಯ ಪ್ರಜೆಗಳು. ತಮಿಳು ಸೀಮೆಯ ನಡುವೆ ಕನ್ನಡವನ್ನು ಅಡಿಗೆಮನೆಯಲ್ಲಿಯೂ ದೇವರಮನೆಯಲ್ಲಿಯೂ ಉಳಿಸಿಕೊಂಡು ಬಂದ ಸಾವಿರಾರು ಮನೆಗಳಲ್ಲಿ ಅವರದೂ ಒಂದು.

ಯೌವನದಲ್ಲಿ ಅವರು ಮದರಾಸಿಗೆ ಹೋಗಿ ರೈಲ್ವೆ ಇಲಾಖೆಯಲ್ಲಿ ಗುಮಾಸ್ತರಾದರು. ಮೈಮೇಲೆ ಮಾಂಸವಿಲ್ಲದ ಕೃಶ ಶರೀರ, ಸಿಡುಬಿನ ಕಲೆಗಳುಳಿದ ಮುಖ. ನಾಯಕನಟನ ಲಕ್ಷಣಗಳೆಂದು ಜನ ಎಣಿಸುವ ಯಾವುದನ್ನೂ ದೈವವು ಅವರಿಗೆ ಕೊಟ್ಟಿರಲಿಲ್ಲ. ಆದರೆ ಹವ್ಯಾಸಿ ನಾಟಕವೊಂದರಲ್ಲಿ ಹೊಟ್ಟೆನೋವಿನಿಂದ ನರಳುವವನ ಸಣ್ಣ ಪಾತ್ರವನ್ನು ಅವರು ಅಭಿನಯಿಸಿದಾಗ ಸಭಿಕರು ಎದ್ದುಬಿದ್ದು ನಕ್ಕರು. ಮುಖ್ಯ ಅತಿಥಿಯಾಗಿ ಬಂದಿದ್ದ ಎಂ. ಜಿ. ರಾಮಚಂದ್ರನ್ ಅವರು ಆ ಚಿಕ್ಕ ಪಾತ್ರದವನನ್ನೇ ಹೆಸರಿಟ್ಟು ಹೊಗಳಿದರು. 1959ರಲ್ಲಿ ‘ತಾಮರೈಕುಳಂ’ ಎಂಬ ಚಿತ್ರದಿಂದ ಅವರ ಚಿತ್ರಜೀವನ ಮೊದಲಾಯಿತು. ಐದು ವರ್ಷ ಕಳೆಯುವಷ್ಟರಲ್ಲಿ, 1964ರಲ್ಲಿ, ತಮಿಳುನಾಡಿನ ಆಬಾಲವೃದ್ಧರಿಗೆ ಅವರ ಹೆಸರು ಪರಿಚಿತವಾಯಿತು.

ಆ ವರ್ಷ ತೆರೆಕಂಡ ಶ್ರೀಧರ್ ಅವರ ‘ಕಾದಲಿಕ್ಕ ನೇರಮಿಲ್ಲೈ’ ಚಿತ್ರವೇ ಶ್ರೇಷ್ಠವೆಂದು ನಮ್ಮ ಸಭೆಯಲ್ಲಿ ಒಬ್ಬರು ವಾದಿಸಿದರು. ಕೈಯಲ್ಲಿ ಕಾಸಿಲ್ಲದಿದ್ದರೂ ಚಿತ್ರ ತೆಗೆಯುವ ಹುಚ್ಚು ಹಿಡಿದ ಚೆಲ್ಲಪ್ಪನೆಂಬ ಮಗ, ಟಿ. ಎಸ್. ಬಾಲಯ್ಯನವರು ಅವನ ಧನಿಕ ತಂದೆ. ಮಗನು ತಂದೆಗೆ ದೆವ್ವದ ಕಥೆಯೊಂದನ್ನು ಹೇಳುವ ಸನ್ನಿವೇಶವನ್ನು ನೋಡಿದವರು ಮರೆಯುವಂತಿಲ್ಲ. ಅಲ್ಲಿ ದೆವ್ವವೂ ಇಲ್ಲ, ಕತ್ತಲೆಯೂ ಇಲ್ಲ. ಬಾಗಿಲಿನ ಕಿರುಗುಟ್ಟುವಿಕೆ, ಹೆಜ್ಜೆಯ ಸಪ್ಪಳ, ಗಾಳಿಯ ಹುಯ್ಲು ಎಲ್ಲವನ್ನೂ ನಾಗೇಶರು ಬಾಯಿಂದಲೇ ಹೊರಡಿಸುತ್ತಾರೆ. ಕೇಳುತ್ತ ಕುಳಿತ ತಂದೆಯ ಮುಖದಲ್ಲಿ ಭಯ ಹೆಚ್ಚಿದಷ್ಟೂ ನಮ್ಮ ನಗೆ ಹೆಚ್ಚುತ್ತದೆ. ಹೇಳುವವನಿಗೂ ಕೇಳುವವನಿಗೂ ಸಮಪಾಲಿನ ಶ್ರೇಯಸ್ಸು ಸಲ್ಲಬೇಕಾದ ಹಾಸ್ಯವದು. ಈ ಕಥೆ 1966ರಲ್ಲಿ ಹಿಂದಿಗೆ ಹೋಯಿತು; 1979ರಲ್ಲಿ ‘ಪ್ರೀತಿ ಮಾಡು ತಮಾಷೆ ನೋಡು’ ಎಂದು ಕನ್ನಡಕ್ಕೂ ಬಂದಿತು.

ಇನ್ನೊಬ್ಬರು ಅದೇ ವರ್ಷದ ‘ಸರ್ವರ್ ಸುಂದರಂ’ ಚಿತ್ರವನ್ನು ಎತ್ತಿಹಿಡಿದರು. ಮದರಾಸಿನ ಅಕೌಂಟೆಂಟ್ ಜನರಲ್ ಕಚೇರಿಯಲ್ಲಿ ಉದ್ಯೋಗದಲ್ಲಿದ್ದುಕೊಂಡೇ ನಾಟಕಗಳನ್ನು ಬರೆಯುತ್ತಿದ್ದ ಕೆ. ಬಾಲಚಂದರ್ ಅವರ ನಾಟಕವನ್ನು ಕೃಷ್ಣನ್–ಪಂಜು ಜೋಡಿಯವರು ಚಿತ್ರವಾಗಿ ನಿರ್ದೇಶಿಸಿದರು. ಹೋಟೆಲಿನಲ್ಲಿ ತಿಂಡಿ ತಂದುಕೊಡುವ ಸುಂದರನು ಪ್ರಸಿದ್ಧ ಚಿತ್ರನಟನಾಗುತ್ತಾನೆ. ತಾನು ಪ್ರೀತಿಸಿದ ಹೆಣ್ಣಿನ ಮನಸ್ಸು ತನ್ನ ಗೆಳೆಯನಲ್ಲಿದೆಯೆಂದು ತಿಳಿಯುತ್ತದೆ. ಕೀರ್ತಿಯ ಶಿಖರದಲ್ಲಿದ್ದಾಗಲೇ ತಾಯಿಯನ್ನು ಕಳೆದುಕೊಳ್ಳುತ್ತಾನೆ. ಕೊನೆಗೆ ಎಲ್ಲವನ್ನೂ ಬಿಟ್ಟು ಮತ್ತೆ ಹೋಟೆಲಿನ ಕೆಲಸಕ್ಕೇ ಮರಳುತ್ತಾನೆ. ಅಂದವಿಲ್ಲದವನಿಗೂ ಹೃದಯವಿರುತ್ತದೆಯೆಂಬ ಸಾಮಾನ್ಯ ಸತ್ಯವನ್ನು ಆ ಕಾಲದ ಪ್ರೇಕ್ಷಕರಿಗೆ ಈ ಚಿತ್ರವು ಮನಗಾಣಿಸಿತು. ನಗಿಸುವವನನ್ನೇ ಕಥಾನಾಯಕನನ್ನಾಗಿ ಮಾಡಬಹುದೆಂಬ ಧೈರ್ಯವೂ ನಿರ್ಮಾಪಕರಿಗೆ ಬಂದಿತು.

ಆ ಧೈರ್ಯದ ಫಲಗಳೇ ಬಾಲಚಂದರ್ ಅವರು ಮುಂದೆ ತಾವೇ ನಿರ್ದೇಶಿಸಿದ ಚಿತ್ರಗಳು. 1965ರ ‘ನೀರ್ಕುಮಿಳಿ’ ಅವರು ನಿರ್ದೇಶಿಸಿದ ಮೊದಲ ಚಿತ್ರ. ಹೆಸರಿಗೆ ನಮ್ಮ ನುಡಿಯಲ್ಲಿ ನೀರ್ಗುಳ್ಳೆಯೆಂದು ಅರ್ಥ. ಸಾವು ಹತ್ತಿರವಾಗಿರುವ ರೋಗಿಯೊಬ್ಬನು ಆಸ್ಪತ್ರೆಯ ಮಂದಿಯನ್ನೆಲ್ಲ ನಗಿಸುತ್ತಿರುವ ಕಥೆಯದು. 1968ರ ‘ಎದಿರ್ ನೀಚ್ಚಲ್’, ಅಂದರೆ ಎದುರೀಜು, ನನಗೆ ಎಲ್ಲಕ್ಕಿಂತಲೂ ಪ್ರಿಯವಾದುದು. ಹಲವು ಸಂಸಾರಗಳು ಬಾಡಿಗೆಗಿರುವ ಮನೆಯೊಂದರ ಮೆಟ್ಟಿಲ ಕೆಳಗಿನ ಸಂದಿನಲ್ಲಿ ವಾಸಿಸುವ ಅನಾಥ ಮಾದುವಿನ ಪಾತ್ರ ಅವರದು. ಎಲ್ಲರ ಮನೆಯ ಚಾಕರಿಯನ್ನು ಮಾಡಿ, ಉಳಿದದ್ದನ್ನು ಉಂಡು, ಆತ ವಿದ್ಯೆ ಕಲಿಯುತ್ತಾನೆ. ನಾನು ಅದನ್ನು ನೋಡಿದ್ದು ಟೆಂಟು ಸಿನಿಮಾದಲ್ಲಿ, ಮರಳಿನ ಮೇಲೆ ಕುಳಿತು. ಪರಸ್ಥಳದಲ್ಲಿ ನೆಂಟರ ಮನೆಯಲ್ಲಿದ್ದುಕೊಂಡು ಓದುತ್ತಿದ್ದ ಹುಡುಗ ನಾನು. ಮಾದು ಯಾರ ಮೇಲೂ ಸಿಟ್ಟಾಗದೆ, ಕರೆದವರಿಗೆಲ್ಲ ಓಗೊಟ್ಟು ಓಡುವುದನ್ನು ಕಂಡು ಸುತ್ತಲಿನವರು ನಗುತ್ತಿದ್ದರು, ನಾನೂ ನಗುತ್ತಿದ್ದೆ, ಕಣ್ಣು ಮಾತ್ರ ಒದ್ದೆಯಾಗಿತ್ತು.

ಉಪಾಧ್ಯಾಯರ ಆಯ್ಕೆಯೇ ಬೇರೆ. ಅದು ಎ. ಪಿ. ನಾಗರಾಜನ್ ಅವರ ‘ತಿರುವಿಳೈಯಾಡಲ್’ (1965) ಚಿತ್ರದ ಧರುಮಿಯ ಪಾತ್ರ. ಪಾಂಡ್ಯರಾಜನ ಸಂಶಯವೊಂದನ್ನು ಪರಿಹರಿಸುವ ಪದ್ಯಕ್ಕೆ ಸಾವಿರ ಹೊನ್ನಿನ ಬಹುಮಾನವೆಂದು ಡಂಗುರವಾಗಿದೆ. ಬಡಕವಿ ಧರುಮಿಗೆ ಹೊನ್ನು ಬೇಕು, ಪದ್ಯವಂತೂ ಬರುವುದಿಲ್ಲ. ಮಧುರೆಯ ದೇವಾಲಯದಲ್ಲಿ ಒಬ್ಬನೇ ನಿಂತು ಗೋಳಾಡುತ್ತಾನೆ. ಶಿವಾಜಿ ಗಣೇಶನ್ ಅವರ ರೂಪದಲ್ಲಿ ಸಾಕ್ಷಾತ್ ಪರಮೇಶ್ವರನೇ ಬಂದು ಪದ್ಯ ಕೊಡಲು ಸಿದ್ಧನಾದರೆ, ಈತ ದೇವರನ್ನೇ ಸಂಶಯದಿಂದ ಅಡಿಯಿಂದ ಮುಡಿಯವರೆಗೆ ನೋಡುತ್ತಾನೆ! ಆ ದೃಶ್ಯದಲ್ಲಿ ನಾಗೇಶರು ತಮ್ಮನ್ನು ಮೀರಿಸಿದ್ದರೂ ಅದನ್ನು ಕತ್ತರಿಸಕೂಡದೆಂದು ಶಿವಾಜಿಯವರೇ ಹೇಳಿದರೆಂಬ ಮಾತು ಪ್ರಸಿದ್ಧವಾಗಿದೆ. ಚಿತ್ರದಲ್ಲಿ ಧರುಮಿ ಇರುವುದು ಸ್ವಲ್ಪವೇ ಹೊತ್ತು. ಆದರೂ ಜನರ ಬಾಯಲ್ಲಿ ಉಳಿದದ್ದು ಆತನೇ. ಅದೇ ನಿರ್ದೇಶಕರ ‘ತಿಲ್ಲಾನಾ ಮೋಹನಾಂಬಾಳ್’ (1968) ಚಿತ್ರದ ವೈತ್ತಿ ಇದಕ್ಕೆ ತೀರ ವಿರುದ್ಧವಾದ ಪಾತ್ರ. ನರ್ತಕಿಯನ್ನು ಧನಿಕರ ಬಲೆಗೆ ಬೀಳಿಸಲು ಹೊಂಚುವ ನಯವಂಚಕ. ಅವನನ್ನು ಕಂಡರೆ ಅಸಹ್ಯವೂ ಆಗುತ್ತದೆ, ನಗೆಯೂ ಬರುತ್ತದೆ. ಇವೆರಡನ್ನೂ ಒಟ್ಟಿಗೆ ತರಿಸಬಲ್ಲ ನಟರು ವಿರಳ.

ಇಷ್ಟೆಲ್ಲ ಕೇಳಿದ ಮೇಲೂ ಕಿರಿಯ ಮಿತ್ರನ ಪ್ರಶ್ನೆ ಉಳಿದೇ ಇತ್ತು. ಕನ್ನಡದ ಮನೆಯಲ್ಲಿ ಹುಟ್ಟಿದವರು ತಮ್ಮ ಪ್ರತಿಭೆಯನ್ನು ತಮಿಳಿಗೆ ಧಾರೆಯೆರೆದರಲ್ಲ, ಇದರಲ್ಲಿ ಕನ್ನಡಿಗರು ಸಂತೋಷಪಡಲು ಏನಿದೆ?

ಈ ಪ್ರಶ್ನೆಗೆ ಚರಿತ್ರೆಯೇ ಉತ್ತರ ಹೇಳಬೇಕು. ಅಂದಿನ ಮದರಾಸಿನ ಚಿತ್ರಶಾಲೆಗಳು ದಕ್ಷಿಣದ ಎಲ್ಲ ನುಡಿಗಳಿಗೂ ಒಂದೇ ಅಡಿಗೆಮನೆಯಂತಿದ್ದವು. ಕನ್ನಡ ಚಿತ್ರಗಳೂ ಬಹುಮಟ್ಟಿಗೆ ಅಲ್ಲಿಯೇ ತಯಾರಾಗುತ್ತಿದ್ದವು. ತಿಪಟೂರಿನ ನರಸಿಂಹರಾಜು ಅವರು ನಾಟಕ ಕಂಪೆನಿಗಳಲ್ಲಿ ನುರಿತು, 1954ರ ‘ಬೇಡರ ಕಣ್ಣಪ್ಪ’ ಚಿತ್ರದಲ್ಲಿ ರಾಜಕುಮಾರ್ ಅವರೊಡನೆ ಬೆಳಕಿಗೆ ಬಂದದ್ದು ಅಂತಹ ಚಿತ್ರಶಾಲೆಯಿಂದಲೇ. 1966ರ ‘ಅನ್ಬೇ ವಾ’ ಚಿತ್ರವನ್ನು ನೋಡಿ. ಒಡೆಯನಿಗೆ ತಿಳಿಯದಂತೆ ಅವನ ಬಂಗಲೆಯನ್ನು ಬಾಡಿಗೆಗೆ ಕೊಟ್ಟು, ಒಡೆಯನೇ ಬಂದಿಳಿದಾಗ ಪೇಚಿಗೆ ಸಿಕ್ಕುವ ಮೇಲ್ವಿಚಾರಕನ ಪಾತ್ರ ನಾಗೇಶರದು. ನಾಯಕಿ ಬೆಂಗಳೂರಿನ ಕನ್ನಡತಿ ಬಿ. ಸರೋಜಾದೇವಿಯವರು. ನಾಯಕ ಎಂ. ಜಿ. ಆರ್. ಅವರದು ಮಲೆಯಾಳಿ ಮನೆತನ. ಮೂವರೂ ತೆರೆಯ ಮೇಲೆ ತಮಿಳಿನಲ್ಲಿ ಮಾತನಾಡಿದರು. ತಮಿಳು ಜನ ಮೂವರನ್ನೂ ತಮ್ಮವರೆಂದು ತಲೆಯ ಮೇಲೆ ಹೊತ್ತು ಮೆರೆಸಿದರು. ಯಾರ ಮನೆಯಲ್ಲಿ ಯಾವ ಮಾತೆಂದು ಟಿಕೆಟು ಕೊಂಡವರು ವಿಚಾರಿಸಲಿಲ್ಲ.

ಇದರಿಂದ ನಾವು ತಿಳಿಯಬೇಕಾದದ್ದು ಎರಡಿದೆ. ಮೊದಲನೆಯದಾಗಿ, ನಾಗೇಶರನ್ನು ತಮಿಳರಿಂದ ಕಿತ್ತುಕೊಳ್ಳುವ ಹಕ್ಕು ನಮಗಿಲ್ಲ. ಅವರ ಮಾತಿನ ವೇಗ, ಶ್ಲೇಷೆ, ಒರಸೆ ಎಲ್ಲವೂ ತಮಿಳಿನ ಮಣ್ಣಿನಿಂದಲೇ ಬೆಳೆದವು. ಬೇರೊಂದು ನುಡಿಯಲ್ಲಿ ಅಳಿಸುವುದನ್ನು ಕಲಿಯಬಹುದು. ನಗಿಸುವುದು ಅತ್ಯಂತ ಕಷ್ಟ. ಆ ನುಡಿಯ ಬೀದಿ, ಸಂತೆ, ಜಗಳ, ಸರಸಗಳೆಲ್ಲ ಮೈಗೂಡಿದ ಹೊರತು ಅದು ಸಾಧ್ಯವಲ್ಲ. ಕನ್ನಡದ ಮನೆಯ ಮಗುವೊಂದು ನೆರೆನುಡಿಯ ಒಳಮನೆಗೆ ಅಷ್ಟು ದೂರ ನಡೆದು ಹೋಗಿ ಅಲ್ಲಿ ಯಜಮಾನಿಕೆ ಪಡೆಯಿತೆಂಬುದು ಗಡಿನಾಡಿನವರ ಶಕ್ತಿಗೆ ಸಾಕ್ಷಿ. ಎರಡು ನುಡಿಗಳ ನಡುವೆ ಬಾಳುವುದನ್ನು ನಮ್ಮ ಮಕ್ಕಳು ಕೊರತೆಯೆಂದು ಭಾವಿಸಬೇಕಾಗಿಲ್ಲ.

ಎರಡನೆಯದು ಸ್ವಲ್ಪ ಕಹಿಯಾದ ಮಾತು. ನಾಗೇಶರ ಮನೆಮಾತು ನಮ್ಮದೆಂಬುದು ನಮ್ಮ ಕಿರಿಯ ಮಿತ್ರನಿಗೆ ತಿಳಿಯದಿದ್ದದ್ದು ಅವನ ತಪ್ಪಲ್ಲ. ಹೇಳಬೇಕಾದ ನಾವು ಹೇಳಿರಲಿಲ್ಲ. ಮನೆಯ ಮಾತು ಬಾಯಲ್ಲಿ ಮಾತ್ರ ಇದ್ದು ಅಕ್ಷರದಲ್ಲಿ ಇಲ್ಲವಾದರೆ, ಯಾರು ನಮ್ಮವರೆಂಬ ನೆನಪೂ ಒಂದು ತಲೆಮಾರಿನಲ್ಲಿ ಕರಗಿಹೋಗುತ್ತದೆ. ನೆರೆಯವರ ನಗೆಯನ್ನು ಬೇಲಿ ಹಾಕಿ ತಡೆಯುವುದರಿಂದ ಕನ್ನಡ ಉಳಿಯಲಾರದು. ನಮ್ಮ ಹಟ್ಟಿಯ ಕಥೆಗಳನ್ನು ನಾವು ಕನ್ನಡದಲ್ಲಿ ಬರೆದಿಟ್ಟು, ಮಕ್ಕಳಿಗೆ ಓದಲು ಕಲಿಸಿದರೆ ಉಳಿದೀತು. ನಾಗೇಶರ ತಮಿಳು ಚಿತ್ರವನ್ನು ನೋಡಿ ಬಂದ ಮಗು ಅದರ ಕಥೆಯನ್ನು ಅಜ್ಜಿಗೆ ಕನ್ನಡದಲ್ಲಿ ಹೇಳುವಷ್ಟು ಕಾಲ ನಮಗೆ ಭಯವಿಲ್ಲ.

ಅವರ ಉತ್ತರಾರ್ಧದ ಚಿತ್ರಗಳನ್ನು ಸ್ಮರಿಸದೆ ಮುಗಿಸಲಾಗದು. ‘ಅಪೂರ್ವ ಸಗೋದರರ್‌ಗಳ್’ (1989) ಚಿತ್ರದಲ್ಲಿ ಕ್ರೂರಿಯಾದ ಖಳನಾಗಿ ಬಂದು ಹಳೆಯ ಅಭಿಮಾನಿಗಳನ್ನು ಬೆಚ್ಚಿಸಿದರು. ‘ಮಗಳಿರ್ ಮಟ್ಟುಂ’ (1994) ಚಿತ್ರದಲ್ಲಿ ಅವರದು ಹೆಣದ ಪಾತ್ರ. ತುಟಿ ಬಿಚ್ಚದೆ, ರೆಪ್ಪೆ ಅಲುಗಿಸದೆ ಸಭೆಯನ್ನು ನಗಿಸಿದರು. ಅದೇ 1994ರ ಇನ್ನೊಂದು ಚಿತ್ರದಲ್ಲಿ, ಮಗಳನ್ನು ಕಳೆದುಕೊಂಡ ತಂದೆಯಾಗಿ, ಜೀವಮಾನವೆಲ್ಲ ನಗಿಸಿದ ಆ ಮುಖವೇ ನೋಡುವವರ ಎದೆಯನ್ನು ಕಲಕಿತು. ಪೋಷಕನಟನಿಗೆ ಸಲ್ಲುವ ರಾಷ್ಟ್ರಪ್ರಶಸ್ತಿ ಅವರಿಗೆ ದೊರೆತದ್ದು ಆ ಪಾತ್ರಕ್ಕಾಗಿ. ಪದ್ಮ ಪ್ರಶಸ್ತಿಗಳಾವುವೂ ಅವರನ್ನು ಹುಡುಕಿಕೊಂಡು ಬರಲಿಲ್ಲ. ‘ದಶಾವತಾರಂ’ (2008) ಚಿತ್ರದವರೆಗೂ, ಸುಮಾರು ಅರ್ಧ ಶತಮಾನ ಕಾಲ, ಬಣ್ಣ ಹಚ್ಚಿ ದುಡಿದ ಅವರು 2009ರ ಜನವರಿ 31ರಂದು ಚೆನ್ನೈಯಲ್ಲಿ ಕಾಲವಾದರು.

ರಾಷ್ಟ್ರಪ್ರಶಸ್ತಿ ತಂದ ಆ ಚಿತ್ರದ ಹೆಸರನ್ನು ನಮ್ಮ ಉಪಾಧ್ಯಾಯರು ಕಪ್ಪು ಹಲಗೆಯ ಮೇಲೆ ಬರೆಯುವವರಂತೆ ಗಾಳಿಯಲ್ಲಿ ಬೆರಳಾಡಿಸಿ ಹೇಳಿದರು: ‘ನಮ್ಮವರ್’. ಅನುವಾದದ ಅಗತ್ಯವಿಲ್ಲದ ಶಬ್ದ. ಕಿರಿಯ ಮಿತ್ರನು ನಕ್ಕನು. ಬರುವ ತಿಂಗಳು ಸಂಘದ ಕೊಠಡಿಯಲ್ಲಿ ‘ಎದಿರ್ ನೀಚ್ಚಲ್’ ಚಿತ್ರವನ್ನು ಎಲ್ಲರೂ ಕೂಡಿ ನೋಡುವುದೆಂದೂ, ನೋಡಿದ ಮೇಲೆ ಅದರ ವಿಚಾರವಾಗಿ ಮಕ್ಕಳು ಕನ್ನಡದಲ್ಲಿ ಎರಡು ಪುಟ ಬರೆಯಬೇಕೆಂದೂ ಆತನೇ ಸೂಚಿಸಿದನು. ಸೂಚನೆಯನ್ನು ಸಭೆಯು ಸರ್ವಾನುಮತದಿಂದ ಒಪ್ಪಿತು.