ಬಿಸಿಯೂಟ ಬಂದ ದಾರಿ: ಮದ್ರಾಸಿನಿಂದ ನಮ್ಮ ತುಮರಿವರೆಗೆ

1/6
ಸರ್ಕಾರಿ ಶಾಲೇಲಿ ಓದಿದೋರೆಲ್ಲ ಒಂದ್ಸಲ ನೆನಪು ಮಾಡ್ಕೊಳ್ಳಿ. ಮಧ್ಯಾಹ್ನದ ಬೆಲ್ಲು, ನಲ್ಲಿ ಹತ್ರ ಸಾಲು, ತಟ್ಟೆ ಸದ್ದು, ಅನ್ನದ ಮೇಲೆ ಬಿಸಿ ಸಾಂಬಾರು. ಶಾಲೆ ಅಂದಮೇಲೆ ಊಟ ಇದ್ದೇ ಇರುತ್ತೆ ಅಂತ ನಾವು ಅಂದ್ಕೊಂಡಿದ್ವಿ. ನಮಗಿಂತ ಹದಿನೈದು, ಇಪ್ಪತ್ತು ವರ್ಷ ದೊಡ್ಡೋರನ್ನ ಕೇಳಿ ನೋಡಿ. ಅವರ ಕಾಲದಲ್ಲಿ ಅದು ಇರಲಿಲ್ಲ. ಹಾಗಾದ್ರೆ ಬಂದಿದ್ದು ಹೇಗೆ?

2/6
1920ರಲ್ಲಿ ಮದ್ರಾಸಿನ ಥೌಸಂಡ್ ಲೈಟ್ಸ್‌ನಲ್ಲಿದ್ದ ಕಾರ್ಪೊರೇಷನ್ ಶಾಲೆಯಲ್ಲಿ ಮಕ್ಕಳಿಗೆ ತಿಂಡಿ ಕೊಡೋಕೆ ಶುರು ಮಾಡಿದ್ರು. ಆಗ ಅಲ್ಲಿ ಜಸ್ಟಿಸ್ ಪಕ್ಷದ ಪಿ. ತ್ಯಾಗರಾಯ ಚೆಟ್ಟಿ ಅವರ ಮುಂದಾಳತ್ವ. 1950ರ ದಶಕದಲ್ಲಿ ಕಾಮರಾಜ್ ಇದನ್ನ ರಾಜ್ಯದ ಶಾಲೆಗಳಿಗೆ ವಿಸ್ತರಿಸಿದ್ರು. 1982ರಲ್ಲಿ ಎಂ.ಜಿ.ಆರ್. ಇನ್ನೂ ದೊಡ್ಡದು ಮಾಡಿದ್ರು.

ನಮ್ಮ ಕಡೆ? ಅಜ್ಜ ಅಜ್ಜಿಯರ ತಲೆಮಾರಿನಲ್ಲಿ ಹಲವರಿಗೆ ಶಾಲೆಯ ಉಪ್ಪಿಟ್ಟು ನೆನಪಿದೆ. ಅಮೆರಿಕದ ಕೇರ್ ಸಂಸ್ಥೆ ಕಳಿಸಿದ ಧಾನ್ಯದಿಂದ ಮಾಡ್ತಿದ್ದದ್ದು. ಅದು ಬೇರೆಯವರ ನೆರವು. ಹಡಗು ಬಂದ್ರೆ ಉಪ್ಪಿಟ್ಟು, ಇಲ್ಲಾಂದ್ರೆ ಇಲ್ಲ.

ಅದೇ ಕಾಲದಲ್ಲಿ, 1964ರಲ್ಲಿ, ಲಿಂಗನಮಕ್ಕಿ ಅಣೆಕಟ್ಟು ಮುಗೀತು. ಶರಾವತಿ ಹಿನ್ನೀರಲ್ಲಿ ಗದ್ದೆ, ಮನೆ ಎಲ್ಲ ಮುಳುಗಿದ್ವು. ತುಮರಿ ಲಾಂಚ್ ದಾಟಿ ಬರಬೇಕಾದ ಊರಾಯ್ತು. ಗದ್ದೆ ಹೋದ ಮನೆಯ ಮಗುವಿಗೆ ಮಧ್ಯಾಹ್ನದ ಒಂದು ಊಟ ಅಂದ್ರೆ ಏನು ಅಂತ ಯೋಚನೆ ಮಾಡಿ.

3/6
1995ರ ಆಗಸ್ಟ್ 15ಕ್ಕೆ ಕೇಂದ್ರದ ಯೋಜನೆ ಬಂತು. ಆದ್ರೆ ಹೆಚ್ಚಿನ ರಾಜ್ಯಗಳು ಕೊಟ್ಟಿದ್ದು ಅಡುಗೆ ಅಲ್ಲ, ಧಾನ್ಯ. ಹಾಜರಾತಿ ಸರಿ ಇದ್ರೆ ತಿಂಗಳಿಗೆ 3 ಕೆ.ಜಿ. ಆ ಅಕ್ಕಿ ಮನೆ ಪಾತ್ರೆಗೆ ಹೋಗಿ ಎಲ್ಲರಿಗೂ ಹಂಚಿ ಹೋಗ್ತಿತ್ತು. ಮಗುವಿನ ತಟ್ಟೆಗೆ ಎಷ್ಟು ಬಿತ್ತು ಅಂತ ಯಾರಿಗೆ ಗೊತ್ತು?

2001ರಲ್ಲಿ ಪಿ.ಯು.ಸಿ.ಎಲ್. ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯ್ತು. ಗೋದಾಮು ತುಂಬಾ ಧಾನ್ಯ ಇದೆ, ಜನ ಯಾಕೆ ಹಸಿದಿದ್ದಾರೆ ಅನ್ನೋದು ಅವರ ಪ್ರಶ್ನೆ. ಅದೇ ವರ್ಷ ನವೆಂಬರ್ 28ಕ್ಕೆ ಆದೇಶ ಬಂತು: ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕು, ವರ್ಷಕ್ಕೆ ಕನಿಷ್ಠ 200 ದಿನ. ಅವತ್ತಿಂದ ಇದು ದಾನ ಅಲ್ಲ, ಹಕ್ಕು.

4/6
ಕರ್ನಾಟಕದಲ್ಲಿ 2002ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಮೊದಲು ಒಲೆ ಹಚ್ಚಿದ್ರು. ಮುಂದಿನ ವರ್ಷ ನಮ್ಮ ಶಿವಮೊಗ್ಗವೂ ಸೇರಿ ಉಳಿದ ಜಿಲ್ಲೆಗಳಿಗೆ ಬಂತು. ಹೆಸರು ಅಕ್ಷರ ದಾಸೋಹ. ದಾಸೋಹ ಶರಣರ ಮಾತು. ಕೊಟ್ಟೆ ಅನ್ನೋ ಹಮ್ಮಿಲ್ಲದೆ ಹಂಚಿಕೊಂಡು ಉಣ್ಣೋದು. ಯಾವ ಜಾತಿ, ಯಾವ ಮನೆ ಅಂತ ಕೇಳದೆ ಒಂದೇ ಪಂಕ್ತಿಯಲ್ಲಿ ಕೂರೋದು ಕೂಡ ಅಲ್ಲಿ ಕಲಿಯೋ ಪಾಠವೇ.

ಒಲೆ ಮುಂದೆ ನಿಂತ ಅಕ್ಕಂದಿರನ್ನ ಮರೀಬೇಡಿ. ಅವರಿಗೆ ಸಿಗೋದು ಸಂಬಳ ಅಲ್ಲ, ಗೌರವಧನ. ಅದನ್ನ ಹೆಚ್ಚಿಸಿ ಅಂತ ಅವರು ಬೆಂಗಳೂರಿನವರೆಗೆ ಹೋಗಿ ಧರಣಿ ಕೂತಿದ್ದಾರೆ.

5/6
ಈಗ ತಟ್ಟೆಯ ಲೆಕ್ಕ. ಕೇಂದ್ರದ ನಿಯಮದ ಪ್ರಕಾರ 1ರಿಂದ 5ನೇ ತರಗತಿಯ ಒಂದು ಮಗುವಿಗೆ ದಿನಕ್ಕೆ:
• ಧಾನ್ಯ 100 ಗ್ರಾಂ
• ಬೇಳೆ 20 ಗ್ರಾಂ
• ತರಕಾರಿ 50 ಗ್ರಾಂ
ಒಟ್ಟು 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್.

2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯದ ಹಾಲು ಬಂತು. ನಾವು ಆಗ ಎರಡನೇದೋ ಮೂರನೇದೋ ಕ್ಲಾಸು, ಅಲ್ವಾ? 2021ರ ಕೊನೆಗೆ ಕಲ್ಯಾಣ ಕರ್ನಾಟಕದ ಕಡೆ ಮೊಟ್ಟೆ ಶುರುವಾಯ್ತು. ಕೆಲವು ಮಠಾಧೀಶರು ವಿರೋಧ ಮಾಡಿದ್ರು, ಮೊಟ್ಟೆ ಬೇಕು ಅಂತ ಮಕ್ಕಳೇ ಎದ್ದು ಮಾತಾಡಿದ್ರು. ಆಮೇಲೆ ಅದು ರಾಜ್ಯಕ್ಕೆಲ್ಲ ಬಂತು. ತಿನ್ನದವರಿಗೆ ಬಾಳೆಹಣ್ಣು, ಮೊದಲು ಚಿಕ್ಕಿಯೂ ಇತ್ತು. 2024ರಲ್ಲಿ ರಾಗಿ ಮಾಲ್ಟ್ ಸೇರಿತು.

ನೋಡಿ, ಒಂದೊಂದು ತುತ್ತಿಗೂ ಯಾರೋ ಕೇಳಿದ್ದಾರೆ, ಯಾರೋ ಜಗಳ ಆಡಿದ್ದಾರೆ. ಅದಕ್ಕೇ ಸಾಂಬಾರಿನ ತರಕಾರಿ ಆರಿಸಿ ತಟ್ಟೆ ಅಂಚಿಗೆ ಇಡೋ ತಮ್ಮ ತಂಗಿಗೆ ಬೈಯೋ ಬದಲು ಈ ಕಥೆ ಹೇಳಿ.

6/6
2025ರ ಜುಲೈ 14ಕ್ಕೆ ನಮ್ಮ ಸೇತುವೆ ಉದ್ಘಾಟನೆ ಆಯ್ತು. ಲಾಂಚ್ ಕಾಯೋದು ತಪ್ಪಿತು, ಒಳ್ಳೇದೇ. ಆದ್ರೆ ಒಂದು ವಿಷಯ ಗಮನಿಸಿ. ಬಿಸಿಯೂಟ ಇರೋದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಮಾತ್ರ. ಮಗು ಸೇತುವೆ ದಾಟಿ ಸಾಗರದ ಖಾಸಗಿ ಶಾಲೆಗೆ ಹೋದ್ರೆ ಡಬ್ಬಿ ಮನೆಯದೇ. ಅದರಲ್ಲಿ ಬೇಳೆ, ಸೊಪ್ಪು ಇರುತ್ತಾ, ಇಲ್ಲಾ ಹತ್ತು ರೂಪಾಯಿ ಕುರುಕಲು ಪ್ಯಾಕೆಟ್ಟಾ ಅನ್ನೋದು ನಮ್ಮ ಕೈಲಿದೆ.

ನಮ್ಮಲ್ಲಿ ಇಲ್ಲದ್ದೇನು ಹೇಳಿ? ಹಿತ್ತಲಲ್ಲಿ ಬಸಳೆ, ಹರಿವೆ. ತೋಟದ ಬದೀಲಿ ಒಂದೆಲಗ, ಅದರ ತಂಬುಳಿ. ಮಳೆಗಾಲಕ್ಕೆ ಕೆಸು, ಕಳಲೆ. ಒಂದೆಲಗ ಕಿತ್ತು ತರೋ ಕೆಲಸ ಮಗುವಿಗೇ ಕೊಡಿ. ಅದೇ ಕಿತ್ತು ತಂದದ್ದು ಅಂದ್ರೆ ತಿನ್ನೋಕೂ ಹುರುಪು. ಇನ್ನೊಂದು, ಜೊತೆಗೆ ಕೂತು ಉಣ್ಣಿ. ಪಕ್ಕದವನು ತಿಂದ್ರೆ ತಾನೂ ತಿನ್ನೋದು ಮಕ್ಕಳ ಸ್ವಭಾವ. ಬಿಸಿಯೂಟದ ಪಂಕ್ತಿ ಇಪ್ಪತ್ತು ವರ್ಷದಿಂದ ತೋರಿಸ್ತಿರೋದು ಇದನ್ನೇ. ಮೊಬೈಲ್ ಕೈಗೆ ಕೊಟ್ಟು ಬಾಯಿಗೆ ತುರುಕಿದ್ರೆ ಈ ಪಾಠ ಸಿಗಲ್ಲ.

ನಿಮ್ಮ ಶಾಲೇಲಿ ಯಾವ ದಿನದ ಊಟಕ್ಕೆ ಎಲ್ಲರೂ ಕಾಯ್ತಿದ್ರಿ? ಕಾಮೆಂಟಲ್ಲಿ ಹೇಳಿ. ಮನೆಯಲ್ಲಿ ಉಪ್ಪಿಟ್ಟಿನ ಕಾಲದವರು ಇದ್ರೆ ಅವರನ್ನೂ ಕೇಳಿ ಬರೀರಿ.

#ಬಿಸಿಯೂಟ #ಅಕ್ಷರದಾಸೋಹ #ತುಮರಿ #ನಮ್ಮೂರಿನಇತಿಹಾಸ