ಕತ್ತಿನ ಧಮನಿ: ಲೆಕ್ಕ ತಪ್ಪಿದ್ದೆಲ್ಲಿ?

ಕೈಯಲ್ಲಿದ್ದ ಲೋಟ ಜಾರುತ್ತದೆ, ಮಾತು ತೊದಲುತ್ತದೆ. ಹತ್ತು ನಿಮಿಷದಲ್ಲಿ ಎಲ್ಲವೂ ಮೊದಲಿನಂತೆ. ನಮ್ಮ ಕಾಗಿನೆಲೆ ಕಡೆ ಇದನ್ನು ಲಕ್ವ ಎನ್ನುವವರು ಕಡಿಮೆ. ಕೈಕಾಲು ಬಿದ್ದರಷ್ಟೇ ಲಕ್ವ. ವೈದ್ಯರೂ ಬಹುಕಾಲ ಇದನ್ನು ಮಿದುಳಿನ ರಕ್ತನಾಳಗಳ ಸೆಳೆತವೆಂದೇ ಭಾವಿಸಿದ್ದರು.

1951ರಲ್ಲಿ ಕೆನಡಾದ ಮಿಲ್ಲರ್ ಫಿಶರ್ ಅವರು ಮಿದುಳಿನ ಬದಲು ಕತ್ತಿನತ್ತ ಬೆರಳು ತೋರಿದರು. ಮೃತರ ಕೆರೋಟಿಡ್ ಧಮನಿ ಕವಲೊಡೆಯುವಲ್ಲಿ ಕೊಬ್ಬು, ಸುಣ್ಣ ಸೇರಿದ ದಪ್ಪ ಲೇಪ ಅವರಿಗೆ ಕಂಡಿತ್ತು. ಅದೇ ಪ್ಲಾಕ್.

1953ರ ಆಗಸ್ಟ್ 7ರಂದು ಹ್ಯೂಸ್ಟನ್‌ನಲ್ಲಿ ಮೈಕೆಲ್ ಡಿಬೇಕಿ 53 ವರ್ಷದ ಬಸ್ ಚಾಲಕನೊಬ್ಬನ ಧಮನಿಯನ್ನು ಸೀಳಿ, ಪ್ಲಾಕನ್ನು ಸುಲಿದು ತೆಗೆದು ಹೊಲಿದರು. ಆತ ಮತ್ತೆ ಪಾರ್ಶ್ವವಾಯುವಿಲ್ಲದೆ 19 ವರ್ಷ ಬದುಕಿದ. ಆದರೆ ಅದರ ಪೂರ್ಣ ವಿವರ ಅಚ್ಚಾದದ್ದು 1975ರಲ್ಲಿ! ಹೀಗಾಗಿ ಮೊದಲು ಹೆಸರಾದದ್ದು ಲಂಡನ್ನಿನ ಈಸ್ಟ್‌ಕಾಟ್, ಪಿಕರಿಂಗ್ ಮತ್ತು ರಾಬ್. 33 ಬಾರಿ ಕ್ಷಣಿಕ ದಾಳಿಗೊಳಗಾಗಿದ್ದ ಮಹಿಳೆಯೊಬ್ಬರ ದೇಹವನ್ನು ಮಂಜುಗಡ್ಡೆಯಿಂದ ತಂಪಾಗಿಸಿ, ಇಕ್ಕಟ್ಟಾದ ಭಾಗವನ್ನು ಕತ್ತರಿಸಿ ತೆಗೆದು ತುದಿಗಳನ್ನು ಜೋಡಿಸಿದರು. ಅದು 1954ರ ಮೇ 19. ಮಿದುಳು ತಂಪಾದಷ್ಟೂ ಅದರ ಆಮ್ಲಜನಕದ ಬೇಡಿಕೆ ಕಡಿಮೆ.

ಇದೆಲ್ಲ ಹರಿವಿನ ಸಮಸ್ಯೆ ಎಂದು ಅನೇಕರು ನಂಬಿದ್ದರು. ಭೌತವಿಜ್ಞಾನದ ವಿದ್ಯಾರ್ಥಿಗೂ ಹಾಗೆಯೇ ತೋರುತ್ತದೆ: ಪ್ವಾಸೊಯ್ ಸೂತ್ರದಂತೆ ತ್ರಿಜ್ಯ ಅರ್ಧವಾದರೆ ರೋಧ 16 ಪಟ್ಟು. ಲೆಕ್ಕ ಸರಿ, ಆದರೆ ಅಪೂರ್ಣ. ಒಟ್ಟು ರೋಧದ ಬಹುಪಾಲು ಇರುವುದು ಮುಂದಿನ ಸೂಕ್ಷ್ಮ ಧಮನಿಗಳಲ್ಲಿ. ಅವು ಹಿಗ್ಗಿ ಕೊರತೆಯನ್ನು ತುಂಬುತ್ತವೆ. ಮಿದುಳಿಗೆ ಇನ್ನೂ ಮೂರು ಧಮನಿಗಳು ರಕ್ತ ಒಯ್ಯುತ್ತವೆ. ಇಕ್ಕಟ್ಟು ತೀವ್ರವಾಗುವವರೆಗೆ ಹರಿವು ಹೆಚ್ಚು ಕುಗ್ಗುವುದಿಲ್ಲ.

ಹಾಗಾದರೆ ಲೋಟ ಜಾರಿದ್ದೇಕೆ? ಬ್ಯಾಡಗಿ ಸುತ್ತಿನ ಹೊಲದಲ್ಲಿ ಹನಿ ನೀರಾವರಿಯ ಪೈಪನ್ನು ನೆನೆಯಿರಿ. ಒಳಗೆ ಕಟ್ಟಿದ ಸುಣ್ಣದ ಚೂರೊಂದು ಕಳಚಿ ತುದಿಯ ರಂಧ್ರಕ್ಕೆ ಸಿಕ್ಕಿಕೊಂಡರೆ ಆ ಗಿಡ ಒಣಗುತ್ತದೆ. ಪೈಪಿನ ನೀರೇನೂ ನಿಂತಿರುವುದಿಲ್ಲ. 1959ರಲ್ಲಿ ಫಿಶರ್, ದಾಳಿಯ ಹೊತ್ತಿನಲ್ಲೇ ರೋಗಿಯ ಕಣ್ಣಿನೊಳಗೆ ನೋಡಿ, ಅಕ್ಷಿಪಟಲದ ನಾಳಗಳಲ್ಲಿ ಬಿಳಿಯ ಚೂರುಗಳು ಸಾಗುವುದನ್ನು ವರ್ಣಿಸಿದರು. ಚೂರು ಕರಗಿದರೆ ಅಥವಾ ಮುಂದೆ ಸಾಗಿದರೆ ಮಾತು ಮರಳುತ್ತದೆ. ತಲೆಯ ಹೊರಗಿನ ಧಮನಿಯನ್ನು ಒಳಕ್ಕೆ ಜೋಡಿಸಿ ಹೆಚ್ಚು ರಕ್ತ ಹರಿಸಿದರೂ ಪಾರ್ಶ್ವವಾಯು ಕಡಿಮೆಯಾಗಲಿಲ್ಲವೆಂದು 1985ರ ದೊಡ್ಡ ಪರೀಕ್ಷೆ ತೋರಿಸಿತು.

ಆಗ ಕತ್ತಿನ ಶಸ್ತ್ರಚಿಕಿತ್ಸೆಯ ಮೇಲೂ ಸಂಶಯ ಬಂತು. 1991ರಲ್ಲಿ ಉತ್ತರ ಅಮೆರಿಕದ ಪರೀಕ್ಷೆ ಉತ್ತರ ಕೊಟ್ಟಿತು. ದಾಳಿಗೊಳಗಾಗಿ, ಧಮನಿ ಶೇಕಡ 70ರಿಂದ 99ರಷ್ಟು ಇಕ್ಕಟ್ಟಾಗಿದ್ದವರಲ್ಲಿ, ಔಷಧಿಯಷ್ಟೇ ಪಡೆದವರ ಪೈಕಿ ಎರಡು ವರ್ಷದಲ್ಲಿ ಅದೇ ಬದಿಯ ಪಾರ್ಶ್ವವಾಯು ಶೇಕಡ 26. ಶಸ್ತ್ರಚಿಕಿತ್ಸೆ ಪಡೆದವರಲ್ಲಿ ಶೇಕಡ 9. ಕತ್ತಿಯೂ ಚೂರನ್ನು ಕಳಚಬಲ್ಲದು; ಹಾಗಾಗಿ ಇಕ್ಕಟ್ಟು ಶೇಕಡ 50ಕ್ಕಿಂತ ಕಡಿಮೆಯಿದ್ದರೆ ಲಾಭವಿಲ್ಲ. ಲಾಭ ಅತಿ ಹೆಚ್ಚು ಸಿಗುವುದು ದಾಳಿಯ ನಂತರದ ಎರಡು ವಾರಗಳಲ್ಲಿ. ವಾಸಿಯಾಯಿತೆಂದು ರೋಗಿ ಹೊಲಕ್ಕೆ ಹೊರಡುವುದೂ ಆ ದಿನಗಳಲ್ಲೇ.