ಜಾತ್ರೆಯಿಂದ ಜಾತ್ರೆಗೆ: ಮಲಪ್ರಭೆ ಸೀಮೆಯ ಪೈಲ್ವಾನರ ಕಸುಬು

ಕುಸ್ತಿಯ ಇತಿಹಾಸವೆಂದರೆ ಬಹುಮಟ್ಟಿಗೆ ಬಿರುದು ಪಡೆದವರ ಇತಿಹಾಸ. ಕೇಸರಿ, ಕಂಠೀರವ ಎನಿಸಿಕೊಂಡವರ ಹೆಸರು ಪುಸ್ತಕಗಳಲ್ಲಿ ಉಳಿದಿದೆ. ಬೆಳ್ಳಿ ಗದೆ ಹೊತ್ತ ಅವರ ಭಾವಚಿತ್ರಗಳು ಗರಡಿಮನೆಯ ಗೋಡೆಗಳಲ್ಲಿ ತೂಗಾಡುತ್ತಿವೆ. ಆದರೆ ಜಾತ್ರೆಯ ಕಣದಲ್ಲಿ ಒಂದನೇ ನಂಬರಿನ ಜೋಡಿ ಇಳಿಯುವ ಮೊದಲು ಹತ್ತಾರು ಜೋಡಿಗಳು ಸೆಣಸಿ ಹೋಗಿರುತ್ತವೆ. ಮೂರನೇ ನಂಬರು, ಐದನೇ ನಂಬರು ಎಂದು ಧ್ವನಿವರ್ಧಕದಲ್ಲಿ ಒಮ್ಮೆ ಕೂಗಿಸಿಕೊಂಡು, ಇನಾಮು ಪಡೆದು, ಮಾರನೆಯ ದಿನ ಮತ್ತೊಂದು ಊರಿನ ಬಸ್ಸು ಹಿಡಿಯುವ ಈ ಪೈಲ್ವಾನರೇ ಕುಸ್ತಿಯ ನಿಜವಾದ ಬೆನ್ನೆಲುಬು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಜನರಿಗೆ ಇವರ ಪರಿಚಯ ಹೊಸದೇನಲ್ಲ.

ಇಂಥ ಆಟಗಾರರಿಗೆ ಇಂಗ್ಲಿಷಿನಲ್ಲಿ ‘ಜರ್ನಿಮನ್’ ಎನ್ನುತ್ತಾರೆ. ಕೇಳಲು ಪ್ರಯಾಣಕ್ಕೆ ಸಂಬಂಧಿಸಿದಂತೆ ತೋರಿದರೂ ಈ ಶಬ್ದದ ಮೂಲ ‘ದಿನ’ ಎಂಬರ್ಥದ ಫ್ರೆಂಚ್ ಪದ. ಕಸುಬು ಕಲಿತು ದಿನದ ಕೂಲಿಗೆ ದುಡಿಯುವವನೇ ಜರ್ನಿಮನ್. ಕೆನಡಾ ಮತ್ತು ಅಮೆರಿಕದಲ್ಲಿ ಹಿಮದ ಮೇಲೆ ಆಡುವ ಐಸ್ ಹಾಕಿಯಲ್ಲಿ ಈ ಮಾತು ಬಹಳ ಬಳಕೆಯಲ್ಲಿದೆ. ಅಲ್ಲಿನ ಅತ್ಯುನ್ನತ ನ್ಯಾಷನಲ್ ಹಾಕಿ ಲೀಗ್ 1917ರಲ್ಲಿ ಆರಂಭವಾಯಿತು. ಅದರ ಕೆಳಗಿನ ಲೀಗುಗಳಲ್ಲಿ ಪ್ರತಿ ವರ್ಷ ಊರು ಬದಲಿಸುತ್ತ, ತಂಡ ಬದಲಿಸುತ್ತ, ಮೈ ನಡೆಯುವ ತನಕ ಆಡುವವರು ಅನೇಕರು. ಹಿಮ ಕಾಣದ ಮಲಪ್ರಭೆಯ ದಂಡೆಯಲ್ಲಿ ಅದೇ ಬಾಳನ್ನು ಬಾಳಿದವನು ಕೆಮ್ಮಣ್ಣಿನ ಪೈಲ್ವಾನ.

ಅರಸನ ಅನ್ನ

ಕುಸ್ತಿಯನ್ನು ಹೊಟ್ಟೆಪಾಡಾಗಿ ಮಾಡಿಕೊಂಡವರು ಈ ನಾಡಿಗೆ ಇತ್ತೀಚಿನವರಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗವಿದೆ. ಅದರಲ್ಲಿ ಜಟ್ಟಿಗಳನ್ನು ಬಲ, ಮೈಕಟ್ಟು, ವಯಸ್ಸು ನೋಡಿ ದರ್ಜೆಗಳಾಗಿ ವಿಂಗಡಿಸಲಾಗಿದೆ. ಎಲ್ಲರಿಗಿಂತ ಮೇಲಿನವನು ಜ್ಯೇಷ್ಠಿಕ. ನಂತರದವರು ಅಂತರಜ್ಯೇಷ್ಠಿಕ, ಗೋವಲ. ಭಾರ ಎತ್ತುವುದು, ನೀರಿನಲ್ಲಿ ಈಜುವುದು, ಕಂಬದ ಮೇಲೆ ಕಸರತ್ತು ಮಾಡುವುದು ಮೊದಲಾದ ಸಾಧನೆಗಳ ವಿವರವಿದೆ. ಜಟ್ಟಿಗಳಿಗೆ ಉಣ್ಣಲು ಏನು ಕೊಡಬೇಕೆಂಬುದನ್ನೂ ಅರಸ ಬರೆದಿಟ್ಟಿದ್ದಾನೆ.

ಆಗ ಸವದತ್ತಿಯ ರಟ್ಟರು ಈ ಚಾಲುಕ್ಯರ ಮಾಂಡಲಿಕರಾಗಿ ಇದೇ ಸೀಮೆಯನ್ನು ಆಳುತ್ತಿದ್ದರು. ಇಂದಿನ ಜಾತ್ರೆಯಲ್ಲಿ ಒಂದನೇ ನಂಬರು, ಎರಡನೇ ನಂಬರು ಎಂದು ಕೂಗುವ ಪದ್ಧತಿಗೂ ಜ್ಯೇಷ್ಠಿಕ, ಗೋವಲರ ವಿಂಗಡಣೆಗೂ ಮೂಲದಲ್ಲಿ ದೊಡ್ಡ ಅಂತರವಿಲ್ಲ. ಎರಡೂ ಕಡೆ ಪೈಲ್ವಾನನ ಅನ್ನಕ್ಕೂ ಅವನ ದರ್ಜೆಗೂ ಬಿಡದ ನಂಟು.

ಗರಡಿಯಿಂದ ಕಣಕ್ಕೆ

ಕಿತ್ತೂರು ಸಂಸ್ಥಾನದ ಕಾಲದಲ್ಲಿ ಗರಡಿ ಬರೀ ಆಟದ ಮನೆಯಾಗಿರಲಿಲ್ಲ. ಊರಿನ ಕಾವಲಿಗೆ ನಿಲ್ಲುವ ವಾಲಿಕಾರರು, ಶೇತಸನದಿಗಳು ನಗದು ಸಂಬಳದ ಬದಲು ಭೂಮಿ ಪಡೆದು ಸೇವೆ ಸಲ್ಲಿಸುತ್ತಿದ್ದರು. ಕತ್ತಿ, ಕೋಲು ತಿರುವುವುದರ ಜೊತೆಗೆ ಮೈ ಹುರಿಗೊಳಿಸುವುದೂ ಅವರ ವೃತ್ತಿಗೆ ಸೇರಿತ್ತು. ಸಂಗೊಳ್ಳಿ ರಾಯಣ್ಣ ಈ ವರ್ಗದವನು. 1824ರಲ್ಲಿ ಕಿತ್ತೂರು ಬ್ರಿಟಿಷರೊಡನೆ ಕಾದಿತು. 1829ರಲ್ಲಿ ರಾಣಿ ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಲ್ಲಿದ್ದಾಗಲೇ ತೀರಿಕೊಂಡಳು. 1831ರಲ್ಲಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಲಾಯಿತು.

ಸಂಸ್ಥಾನ ಅಳಿದ ಮೇಲೆ ಗಟ್ಟಿಮುಟ್ಟಾದ ಮೈಗೆ ಯುದ್ಧದ ಕೆಲಸ ಇಲ್ಲವಾಯಿತು. ಹೊಸ ಸರಕಾರಕ್ಕೆ ತನ್ನದೇ ಪೊಲೀಸು, ತನ್ನದೇ ಸೈನ್ಯ ಇತ್ತು. ಆದರೆ ಗರಡಿಗಳು ಮುಚ್ಚಲಿಲ್ಲ. ಹನುಮಪ್ಪನ ಮೂರ್ತಿಯ ಮುಂದೆ ಎಣ್ಣೆ, ಮಜ್ಜಿಗೆ, ಅರಿಶಿನ ಕೂಡಿಸಿ ಹದಮಾಡಿದ ಕೆಂಪು ಮಣ್ಣಿನಲ್ಲಿ ತಾಲೀಮು ನಡೆದೇ ಇತ್ತು. ಬಲ ತೋರಿಸುವ ಜಾಗ ಮಾತ್ರ ರಣರಂಗದಿಂದ ಜಾತ್ರೆಯ ಕಣಕ್ಕೆ ಬದಲಾಯಿತು.

ಕೊಲ್ಲಾಪುರದ ದಾರಿ

ಈ ಕಸುಬಿಗೆ ಹೊಸ ಜೀವ ಬಂದದ್ದು ಕೊಲ್ಲಾಪುರದ ಶಾಹೂ ಮಹಾರಾಜರಿಂದ. 1894ರಿಂದ 1922ರವರೆಗೆ ಆಳಿದ ಅವರು ಸ್ವತಃ ಕುಸ್ತಿಯ ಹುಚ್ಚಿದ್ದವರು. 1902ರಲ್ಲಿ ಯುರೋಪಿಗೆ ಹೋದಾಗ ರೋಮಿನ ಪ್ರಾಚೀನ ಕ್ರೀಡಾಂಗಣವನ್ನು ಕಂಡು ಬಂದು, ಕೊಲ್ಲಾಪುರದಲ್ಲಿ ಖಾಸಬಾಗ ಮೈದಾನವನ್ನು ಕಟ್ಟಿಸಿದರು. 1912ರಲ್ಲಿ ಅದು ಸಿದ್ಧವಾಯಿತು. ಪಂಜಾಬಿನ ಹೆಸರಾಂತ ಮಲ್ಲರು ಅಲ್ಲಿಗೆ ಬಂದರು. ಕೊಲ್ಲಾಪುರ, ಸಾಂಗಲಿ, ಮೀರಜ್ ತಾಲೀಮುಗಳ ಹೆಸರು ಕನ್ನಡ ಸೀಮೆಯ ಹಳ್ಳಿಹಳ್ಳಿಗೂ ಮುಟ್ಟಿತು.

1880ರ ದಶಕದ ಕೊನೆಗೆ ಬೆಳಗಾವಿ, ಧಾರವಾಡಗಳಿಗೆ ರೈಲು ಬಂದಿತ್ತು. 1891ರಲ್ಲಿ ಅದು ಮೀರಜ್‌ನಿಂದ ಕೊಲ್ಲಾಪುರವನ್ನೂ ಮುಟ್ಟಿತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಿಗೆ ಮಾತ್ರ ರೈಲು ಇಂದಿಗೂ ಬಂದಿಲ್ಲ. ಈ ಊರುಗಳ ಹುಡುಗ ರೊಟ್ಟಿಯ ಬುತ್ತಿ, ಎರಡು ಲಂಗೋಟಿ ಗಂಟು ಕಟ್ಟಿಕೊಂಡು ಮೊದಲು ಬೆಳಗಾವಿಗೋ ಧಾರವಾಡಕ್ಕೋ ಹೋಗಿ, ಅಲ್ಲಿಂದ ರೈಲು ಹತ್ತಬೇಕಿತ್ತು.

ಈ ದಾರಿ ಎಲ್ಲಿಗೆ ಮುಟ್ಟಿಸಬಲ್ಲದು ಎಂಬುದಕ್ಕೆ ಶ್ರೀಪತಿ ಖಂಚನಾಳೆ ಉತ್ತಮ ನಿದರ್ಶನ. ಇದೇ ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲ್ಲೂಕಿನ ಯಕ್ಸಂಬಾ ಅವರ ಊರು. ಕೊಲ್ಲಾಪುರದಲ್ಲಿ ಪಳಗಿದ ಅವರು 1959ರಲ್ಲಿ ದೆಹಲಿಯಲ್ಲಿ ಪಂಜಾಬಿನ ಬಂತಾಸಿಂಗ್ ಅವರನ್ನು ಸೋಲಿಸಿ ‘ಹಿಂದ್ ಕೇಸರಿ’ಯಾದರು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅವರ ಊರು ಮೈಸೂರು ರಾಜ್ಯಕ್ಕೆ ಸೇರಿತ್ತು. ಆದರೂ ಮಹಾರಾಷ್ಟ್ರದವರು ಅವರನ್ನು ತಮ್ಮ ಮೊದಲ ಹಿಂದ್ ಕೇಸರಿ ಎಂದೇ ಕರೆದರು. 2020ರ ಡಿಸೆಂಬರಿನಲ್ಲಿ ಅವರು ಕೊಲ್ಲಾಪುರದಲ್ಲೇ ನಿಧನರಾದರು. ನಕಾಶೆಯಲ್ಲಿ ಗಡಿ ಎಲ್ಲಿ ಬಿದ್ದರೇನು, ಪೈಲ್ವಾನನಿಗೆ ತಾಲೀಮು ಇದ್ದಲ್ಲೇ ಊರು.

ಖಂಚನಾಳೆಯವರು ತುದಿ ಮುಟ್ಟಿದವರು. ಅದೇ ದಾರಿಯಲ್ಲಿ ನಡೆದು ನಡುವೆಯೇ ಉಳಿದವರು ಎಷ್ಟೋ ಪಟ್ಟು ಹೆಚ್ಚು.

ಕಸುಬಿನ ಲೆಕ್ಕ

ಹುಡುಗ ಮೊದಲು ಕಣಕ್ಕಿಳಿಯುವುದು ಕಾಯಿ ಕುಸ್ತಿಗೆ. ಗೆದ್ದರೆ ಒಂದು ತೆಂಗಿನಕಾಯಿ, ಹಿರಿಯರಿಂದ ಬೆನ್ನಿಗೊಂದು ಚಪ್ಪಾಳೆ. ನಾಲ್ಕು ಜನರ ಕಣ್ಣಿಗೆ ಬಿದ್ದರೆ ರೊಕ್ಕದ ಕುಸ್ತಿ. ಮುಂದೆ ಬೆಳ್ಳಿ ಕಡಗ, ರುಮಾಲು, ಗದೆ. ಸುಗ್ಗಿ ಮುಗಿದ ಮೇಲೆ ಜಾತ್ರೆಗಳ ಸಾಲು ಆರಂಭವಾಗುತ್ತದೆ. ಮಳೆಗಾಲ ಹಿಡಿಯುವವರೆಗೂ ಬಿಡುವಿಲ್ಲ. ಜಾತ್ರಾ ಕಮಿಟಿಯವರು ಸರಿಸಮನಾದ ಜೋಡಿ ಕಟ್ಟುತ್ತಾರೆ. ‘ನಿಕಾಲಿ’ ಕುಸ್ತಿಯಾದರೆ ಇಬ್ಬರಲ್ಲೊಬ್ಬನ ಬೆನ್ನು ನೆಲಕ್ಕೆ ಹತ್ತಲೇಬೇಕು; ಅಂಕದ ಲೆಕ್ಕ ಇಲ್ಲ. ಜೋಡಿ ಹೊಂದಿಸುವಾಗ ಕಣ್ಣಳತೆಯೇ ತಕ್ಕಡಿ.

ಖರ್ಚಿನ ಬಾಬತ್ತು ಬೇರೆಯೇ ಇದೆ. ಹಾಲು, ತುಪ್ಪ, ಬಾದಾಮಿಯ ಖುರಾಕು ವರ್ಷದ ಹನ್ನೆರಡೂ ತಿಂಗಳು ಬೇಕು. ಇನಾಮು ಬರುವುದು ಕೆಲವೇ ತಿಂಗಳು. ಬೈಲಹೊಂಗಲದ ಪೇಟೆಯಲ್ಲಿ ಹತ್ತಿ ಮಾರಿದ ರೊಕ್ಕ ಮಗನ ಖುರಾಕಿಗೆ ಹೋದರೆ ಮನೆಯಲ್ಲಿ ಉಳಿದವರ ತಟ್ಟೆ ಅಷ್ಟರಮಟ್ಟಿಗೆ ತೆಳ್ಳಗಾಗುತ್ತದೆ. ಆದ್ದರಿಂದಲೇ ಪೈಲ್ವಾನ ಒಬ್ಬನ ದುಡಿಮೆಯ ಫಲವಲ್ಲ. ಅವನ ಹಿಂದೆ ಎಮ್ಮೆ ಕಟ್ಟಿದ ತಾಯಿ, ಹೊಲದ ಕೆಲಸ ತಾನೊಬ್ಬನೇ ಹೊತ್ತ ಅಣ್ಣ, ಪಟ್ಟಿ ಎತ್ತಿ ಕಳುಹಿಸಿದ ಓಣಿಯವರು ಇರುತ್ತಾರೆ.

ಈ ಬಾಳಿನ ಅವಧಿಯೂ ಚಿಕ್ಕದು. ಘಿಸ್ಸಾ, ಢಾಕ್, ಕಲಾಜಂಗ್ ಮೊದಲಾದ ಪಟ್ಟುಗಳನ್ನು ಕಲಿಯಲು ಹತ್ತು ವರ್ಷ ಬೇಕು. ಮೊಣಕಾಲು ತಿರುಗಲು ಒಂದು ಕ್ಷಣ ಸಾಕು. ಆಮೇಲೆ ಉಳಿಯುವ ಗುರುತೆಂದರೆ ಮುದುಡಿದ ಕಿವಿ. ಮಣ್ಣಿನಲ್ಲಿ ತಿಕ್ಕಿ ತಿಕ್ಕಿ ರಕ್ತ ಕಟ್ಟಿ ಗಟ್ಟಿಯಾದ ಆ ಕಿವಿಯನ್ನು ನೋಡಿಯೇ ಸಂತೆಯಲ್ಲಿ ಜನ ಹಳೆಯ ಪೈಲ್ವಾನನನ್ನು ಗುರುತಿಸುತ್ತಾರೆ. ಅದೃಷ್ಟವಿದ್ದವನು ವಸ್ತಾದನಾಗಿ ಗರಡಿ ಸೇರುತ್ತಾನೆ. ಇಲ್ಲದವನು ಹೊಲಕ್ಕೆ ಮರಳುತ್ತಾನೆ.

ಮಣ್ಣಿನಿಂದ ಮ್ಯಾಟಿಗೆ

1948ರ ಮಾರ್ಚ್‌ನಲ್ಲಿ ರಾಮದುರ್ಗವೂ ಸೇರಿದಂತೆ ದಖ್ಖನಿನ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಮರುವರ್ಷ ಕೊಲ್ಲಾಪುರವೂ ಸೇರಿತು. ಅಲ್ಲಿಗೆ ದರಬಾರಿನ ಆಶ್ರಯ ಮುಗಿಯಿತು. ಅದೇ ಹೊತ್ತಿಗೆ ಆಟದ ನಿಯಮಗಳೂ ಬದಲಾಗುತ್ತಿದ್ದವು. ಒಲಿಂಪಿಕ್ಸ್ ಕುಸ್ತಿ ನಡೆಯುವುದು ಮ್ಯಾಟಿನ ಮೇಲೆ. ಅಲ್ಲಿ ತೂಕದ ವರ್ಗ, ಗಡಿಯಾರ, ಅಂಕ ಎಲ್ಲವೂ ಇವೆ. ಕರಾಡ ಬಳಿಯ ಖಾಶಾಬಾ ಜಾಧವ್ 1948ರ ಲಂಡನ್ ಕೂಟದಲ್ಲಿ ಆರನೆಯವರಾಗಿ, 1952ರ ಹೆಲ್ಸಿಂಕಿ ಕೂಟದಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ಅದೇ ಮೊದಲ ವೈಯಕ್ತಿಕ ಪದಕ. ಅವರನ್ನು ಹೆಲ್ಸಿಂಕಿಗೆ ಕಳುಹಿಸಲು ಕೊಲ್ಲಾಪುರದ ಕಾಲೇಜಿನ ಪ್ರಾಚಾರ್ಯರು ತಮ್ಮ ಮನೆಯನ್ನೇ ಒತ್ತೆಯಿಟ್ಟರು. ಒಲಿಂಪಿಕ್ಸ್ ಪೈಲ್ವಾನನ ಪಾಡೇ ಹೀಗಿದ್ದರೆ ಐದನೇ ನಂಬರಿನವನ ಪಾಡನ್ನು ಬೇರೆ ಹೇಳಬೇಕಿಲ್ಲ.

ಅರಸರ ಜಾಗವನ್ನು ನಂತರ ಸೈನ್ಯ, ಪೊಲೀಸ್, ರೈಲ್ವೆ ಇಲಾಖೆಗಳು ತುಂಬಿದವು. ಕುಸ್ತಿಯಿಂದ ನೌಕರಿ ಸಿಕ್ಕರೆ ತಿಂಗಳ ಸಂಬಳವೂ ನಿವೃತ್ತಿ ವೇತನವೂ ಬರುತ್ತವೆ. ಆದರೆ ಈ ಬಾಗಿಲು ತೆರೆಯುವುದು ಮ್ಯಾಟಿನ ಪದಕಕ್ಕೆ, ಜಾತ್ರೆಯ ಕಡಗಕ್ಕಲ್ಲ. ರಾಜ್ಯ ಸರಕಾರದ ಕ್ರೀಡಾ ವಸತಿ ನಿಲಯಗಳಲ್ಲಿ ಮಕ್ಕಳು ಈಗ ಮ್ಯಾಟಿನ ಮೇಲೆಯೇ ಪಳಗುತ್ತಿದ್ದಾರೆ. 2004ರಲ್ಲಿ ಮಹಿಳೆಯರ ಕುಸ್ತಿ ಒಲಿಂಪಿಕ್ಸ್ ಸೇರಿದ ಮೇಲೆ ಹೆಣ್ಣುಮಕ್ಕಳೂ ಕಣಕ್ಕೆ ಬಂದಿದ್ದಾರೆ. ಮಾಜಿ ಕುಸ್ತಿಪಟುಗಳಿಗೆ ಸರಕಾರದ ಮಾಸಾಶನವೂ ಇದೆ. ಆದರೆ ಅದನ್ನು ಪಡೆಯಲು ಪ್ರಮಾಣಪತ್ರ ಬೇಕು. ಜಾತ್ರೆಯಿಂದ ಜಾತ್ರೆಗೆ ಅಲೆದವನಿಗೆ ತೆಂಗಿನಕಾಯಿ, ರುಮಾಲು ಕೊಟ್ಟವರುಂಟು. ಕಾಗದ ಬರೆದುಕೊಟ್ಟವರು ವಿರಳ.

ಪ್ರತಿ ಅಕ್ಟೋಬರಿನ ಕಿತ್ತೂರು ಉತ್ಸವದಲ್ಲಿ, ಜನವರಿಯ ಸಂಗೊಳ್ಳಿ ರಾಯಣ್ಣ ಉತ್ಸವದಲ್ಲಿ ಕುಸ್ತಿಗೆ ಸಾವಿರಾರು ಜನ ಸೇರುತ್ತಾರೆ. ಮೊದಲನೇ ಜೋಡಿಯ ಹೆಸರು ಮಾರನೆಯ ದಿನದ ಪತ್ರಿಕೆಯಲ್ಲಿ ಬರುತ್ತದೆ. ಉಳಿದ ಜೋಡಿಗಳ ಹೆಸರು ಕಮಿಟಿಯ ಪುಸ್ತಕದಲ್ಲಿ ಇನಾಮಿನ ಮೊತ್ತದ ಎದುರು ಒಂದು ಸಾಲಾಗಿ ಉಳಿದರೆ ದೊಡ್ಡದು. ಆ ಪುಸ್ತಕಗಳನ್ನು ಗೆದ್ದಲಿಗೆ ಬಿಡದೆ ಕಾದಿಟ್ಟರೆ ಈ ಸೀಮೆಯ ಕುಸ್ತಿಯ ಇತಿಹಾಸದ ಬಹುಪಾಲು ಅಲ್ಲಿಯೇ ಸಿಗುತ್ತದೆ. ಮುದುಡಿದ ಕಿವಿಯ ಒಬ್ಬ ಮುದುಕನ ಮಾಸಾಶನದ ಅರ್ಜಿಗೆ ಅದೇ ಆಧಾರವೂ ಆದೀತು.